ಎಡಗೈಗೆ ಎಟಕುವ ಮೊಳೆ

ಬೇಲೂರು

ಪ್ರೀತಿಯ ಅಣ್ಣ,

ಇದನ್ನು ಬರೆಯದೇ ಬಿಡುವವಳಿದ್ದೆ. ತೆಂಗಿನಕಾಯಿ ಸುಲಿಯುವಾಗ ಕೊಯ್ದುಕೊಂಡ ನಿನ್ನ ಬಲಗೈಯ ರಕ್ತ, ಟವೆಲ್ ಕಟ್ಟಿದರೂ ನಿಲ್ಲಲಿಲ್ಲವೆಂದು ಕೇಳಿದ ದಿನ, ಜಾವಗಲ್ ದಾಟುವವರೆಗೂ ಬಸ್ಸಿನಲ್ಲಿ ಅಳುತ್ತಿದ್ದೆ.

ರಕ್ತ ತಡೆಯುವ ಪಟ್ಟಿ ಕಳಿಸುತ್ತಿದ್ದೇನೆ. ಮೊದಲು ಕೊಂಡದ್ದನ್ನು ನನ್ನ ತೊಡೆಗೇ ಬಿಗಿದು ನೋಡಿದೆ. ಪಟ್ಟಿ ಬಿಗಿಯಾಗಲು ತಿರುಗಿಸುವ ಕಡ್ಡಿ ಮುರಿಯಿತು. ಇದು ಅಗಲವಾಗಿದೆ, ಕಡ್ಡಿಯೂ ಗಟ್ಟಿ. ಗಾಯಕ್ಕಿಂತ ಮೇಲೆ, ತೋಳಿಗೆ ಕಟ್ಟಿ, ರಕ್ತ ನಿಲ್ಲುವವರೆಗೂ ತಿರುಗಿಸು. ತುಂಬ ನೋಯುತ್ತದೆ, ಆದರೂ ಆಸ್ಪತ್ರೆ ತಲುಪುವವರೆಗೆ ಸಡಿಲಿಸಬೇಡ.

"ಹೊಸ ವಸ್ತು ಕಣಮ್ಮ, ವಿಭೂತಿ ಹಚ್ಚಿ ದೇವ್ರ ಮನೇಲಿ ಮಡಗ್ತೀನಿ" ಎಂದರು ಅತ್ತಿಗೆ, ಫೋನಿನಲ್ಲಿ ಇದರ ವಿಷಯ ಹೇಳಿದಾಗ. ಇದು ದೇವರ ಮನೆಯಲ್ಲೇ ಉಳಿಯದಿರಲೆಂದು ವಿಭೂತಿ ನಾನೇ ಹಚ್ಚಿದ್ದೇನೆ. ನಿನಗಾಗಿಯೋ ನನಗಾಗಿಯೋ, ತಿಳಿಯದು. ನೀನು ಅದನ್ನು ನೇರವಾಗಿ ಕಾಯಿ ಸುಲಿಯುವಲ್ಲಿ, ಎಡಗೈಗೆ ಎಟಕುವ ಮೊಳೆಗೆ ನೇತುಹಾಕು.

ನಿನ್ನ ತಂಗಿ,
ಶೈಲಾ

ಜೂನ್ ೧೫, ಸೋಮವಾರ ಅಂಚೆಗೆ ಹಾಕುತ್ತೇನೆ.