ಆಯ್ತಾ ಅಂದರೆ ಏನಾಯ್ತಾ

ಭಾನುವಾರ, ೧೪. ರಾತ್ರಿ.

ಇವತ್ತು ಕೈಯಲ್ಲಿ ಕತ್ತಿ ನಡುಗಿತು. ಇಪ್ಪತ್ತಾರು ವರ್ಷದಿಂದ ಕ್ಷೌರದ ಅಂಗಡಿ ಇಟ್ಟಿದ್ದೇನೆ, ಒಂದು ದಿನವೂ ಹೀಗಾಗಿರಲಿಲ್ಲ.

ಮಧ್ಯಾಹ್ನ ಹೆಂಡತಿ ಫೋನಿನಲ್ಲಿ "ಆಯ್ತಾ?" ಅಂದಳು. "ಆಯ್ತು" ಅಂದೆ. ಅವಳು ಕೇಳಿದ್ದು ಊಟ, ನಾನು ಹೇಳಿದ್ದು ಸಕ್ಕರೆ ಕಾಯಿಲೆಯ ಮಾತ್ರೆ. ಮಾತ್ರೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಇಳಿದುಬಿಡುತ್ತದೆ ಎಂದು ಡಾಕ್ಟರು ಬಾಯಿ ಬಡಿದುಕೊಂಡಿದ್ದರು. ಆದರೆ ಭಾನುವಾರ, ಗಿರಾಕಿಗಳ ಸಾಲು. ಊಟದ ಡಬ್ಬಿ ಕನ್ನಡಿಯ ಕೆಳಗೇ ಉಳಿಯಿತು.

ಮೂರು ಗಂಟೆಗೆ ಕ್ಷೌರಕ್ಕೆ ಬಂದ ಮೇಷ್ಟ್ರು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದರು. ಗಂಟಲ ಮೇಲೆ ನನ್ನ ಕತ್ತಿ. ಮೈಯೆಲ್ಲ ತಣ್ಣಗೆ ಬೆವರಿತು. ಕನ್ನಡಿಯಲ್ಲಿ ಇಬ್ಬರು ಮೇಷ್ಟ್ರು ಕಂಡರು. ಹೇಗೋ ಕತ್ತಿ ಎತ್ತಿ ಬದಿಗಿಟ್ಟು, "ಒಂದ್ನಿಮಿಷ ಸಾರ್" ಎಂದು ಪಕ್ಕದ ಟೀ ಅಂಗಡಿಗೆ ಹೋಗಿ ಮೂರು ಚಮಚ ಸಕ್ಕರೆ ಬಾಯಿಗೆ ಸುರಿದುಕೊಂಡೆ.

"ಏನಣ್ಣ, ಕಾಯಿಲೆ ವಾಸಿ ಆಗೋಯ್ತಾ?" ಎಂದು ಟೀಯವನು ನಕ್ಕ. ಒಂದು ಲೋಟ ನೀರು ಕುಡಿದು ಅಂಗಡಿಗೆ ವಾಪಸ್ ಬಂದೆ.

ಡಬ್ಬಿ ಖಾಲಿ ಮಾಡಿ, ಕೈ ನೆಟ್ಟಗಾದ ಮೇಲೆ ಕೆಲಸ ಮುಗಿಸಿದೆ. ಮೇಷ್ಟ್ರು ಗಲ್ಲ ಸವರಿಕೊಂಡು, "ನಿನ್ ಕೈಗೆ ತಲೆ ಕೊಟ್ರೆ ನಿದ್ದೇನೇ ಬರುತ್ತೆ ಕಣಯ್ಯ" ಅಂದರು. ಕೂದಲೆಳೆಯಲ್ಲಿ ಪಾರು ಅನ್ನುತ್ತಾರಲ್ಲ, ಆ ಎಳೆ ಎಷ್ಟು ದಪ್ಪ ಎಂದು ನನ್ನ ಕಸುಬಿನವನಿಗೆ ಗೊತ್ತು.

ಇವಳಿಗೆ ಹೇಳಿಲ್ಲ. ಖಾಲಿ ಡಬ್ಬಿ ನೋಡಿ ಖುಷಿಪಟ್ಟಳು. ಈಗ ಅಡುಗೆಮನೆಯಿಂದ ಕೂಗುತ್ತಿದ್ದಾಳೆ, "ಆಯ್ತಾ?"

ರಾತ್ರಿಯ ಮಾತ್ರೆ ಅಂಗೈಯಲ್ಲೇ ಇದೆ. ಏನಾಯ್ತಾ ಎಂದು ಕೇಳಬೇಕು. ಕೇಳಿದರೆ ಎಲ್ಲವನ್ನೂ ಹೇಳಬೇಕು.