ನಕ್ಷತ್ರ ಕೂಡಲಿಲ್ಲ

ಚಾಮರಾಜನಗರ, ೨೦೦೯

ಸುಧಾಕರ,

ನಿನ್ನ ವಿಳಾಸ ಗೊತ್ತಿಲ್ಲ, ಗೊತ್ತಿದ್ದರೂ ಇದನ್ನು ಕಳಿಸುತ್ತಿರಲಿಲ್ಲ. ಇವತ್ತು ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಉಪನ್ಯಾಸ ಕೊಟ್ಟು ಬಂದೆ. ಎರಡು ಗೆಲಾಕ್ಸಿಗಳು ಹತ್ತಿರ ಬಂದಾಗ ಅವುಗಳ ಅನಿಲ ಕಲಕಿ, ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ ಎಂದು ಗಂಟೆಗಟ್ಟಲೆ ಹೇಳಿದೆ. ಮುಗಿದದ್ದೇ ತಡ, ಸಭೆಯ ಅಧ್ಯಕ್ಷರು ಜೇಬಿನಿಂದ ಎರಡು ಜಾತಕ ತೆಗೆದರು.

“ನಮ್ ಹುಡ್ಗೀದು ಮೂಲಾ ನಕ್ಷತ್ರ ಮೇಡಂ. ಈ ಹುಡ್ಗುಂದ್ಕೆ ಕೂಡ್ತದಾ, ವಸಿ ನೋಡ್ಬುಡಿ.”

ಛೀ! ಅವರು ಹಾಕಿದ್ದ ಹಾರವೇ ನಾರಿದಂತಾಯಿತು. ಜಾತಕಗಳನ್ನು ಅವರತ್ತಲೇ ತಳ್ಳಿದೆ.

“ಯಾಕೆ, ನೀವು ಇದ್ನೆಲ್ಲ ನಂಬಕಿಲ್ವಾ?”

“ಯಾವತ್ತೂ ನಂಬಿಲ್ಲ!” ಎಂದು ಎಲ್ಲರಿಗೂ ಕೇಳುವಂತೆ ಕೂಗಿಬಿಟ್ಟೆ.

ಇಲ್ಲಿ ಬಸ್ಸಿಳಿದಾಗ ನಾವು ಕೊನೆಯ ಸಲ ಕೂತಿದ್ದ ಕಲ್ಲುಬೆಂಚು ಕಂಡಿತು. “ನಕ್ಷತ್ರ ಕೂಡ್ಲಿಲ್ವಂತೆ, ನನ್ನ ಬುಟ್ಬುಡು” ಎಂದು ಅಲ್ಲಿ ನಿನಗೆ ಹೇಳಿದವಳೂ ನಾನೇ.

ನಯನಾ