ಸಂದರ್ಶನದ ದಿನದ ರೋಗಿ

ಬ್ಯಾಂಗರ್
ಅಕ್ಟೋಬರ್ ೧೯

ಪ್ರೀತಿಯ ಅಮ್ಮ,

ನೀನು ಕಳಿಸಿದ ಬಕ್‌ವೀಟ್ ಹಿಟ್ಟು ತಲುಪಿತು. ಮೊದಲ ಪ್ಲಾಯ್ ದೋಸೆ ಕಾವಲಿಗೆ ಅಂಟಿಕೊಂಡಿತು, ಎರಡನೆಯದನ್ನು ಬೆಣ್ಣೆ ಸವರಿ ನಿಂತಲ್ಲೇ ತಿಂದೆ. ನಾನು ಫೋನ್ ಎತ್ತುತ್ತಿಲ್ಲವೆಂದು ಸಿಟ್ಟಾಗಿದ್ದೀಯಂತೆ, ಚಿಕ್ಕಮ್ಮ ಹೇಳಿದಳು. ಫೋನಿನಲ್ಲಾದರೆ ನನ್ನ ದನಿಯಲ್ಲೇ ನೀನು ಎಲ್ಲವನ್ನೂ ಹಿಡಿದುಬಿಡುತ್ತೀಯ. ಅದಕ್ಕೇ ಈ ಕಾಗದ.

ಚರ್ಚಿನ ಬೀನ್ಸ್ ಊಟದಲ್ಲಿ ನನಗೆ ಸೀಟು ಸಿಕ್ಕೇಬಿಟ್ಟಿತೆಂದು ಆಗಲೇ ಸಾರಿಬಿಟ್ಟಿದ್ದೀಯಂತೆ. ಪರ್ಲೀನ್ ಆಂಟಿ, "ಅದೇನೇ ಅದು, ಫಿಸಿಶಿಯನ್ ಅಸಿಸ್ಟೆಂಟು? ಡಾಕ್ಟರ ಬ್ಯಾಗ್ ಹೊರೋದಾ?" ಎಂದಳಂತೆ. ನೀನು, "ರೋಗಿನ ನೋಡ್ತಾಳೆ, ಔಷಧಿ ಬರೀತಾಳೆ, ಡಾಕ್ಟರ ಜಂಬ ಒಂದು ಇರಲ್ಲ ಅಷ್ಟೇ" ಎಂದು ಬಾಯಿ ಮುಚ್ಚಿಸಿದೆಯಂತೆ. ಚಿಕ್ಕಮ್ಮ ಹೇಳಿದ್ದನ್ನು ಕೇಳಿ ನಗು ಬರಬೇಕಿತ್ತು, ಬರಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ ಅಮ್ಮ. ಯಾರಿಗೂ ಏನೂ ಹೇಳಬೇಡ.

ಕಾಲೇಜು ಮುಗಿದ ಮೇಲೆ ನಾನು ಪಟ್ಟ ಪಾಡು ನಿನಗೆ ಅರ್ಧ ಮಾತ್ರ ಗೊತ್ತು. ಮೊದಲ ಸಲ ಅರ್ಜಿ ಹಾಕಿದಾಗ ಕೆಮಿಸ್ಟ್ರಿ ಅಂಕ ಸಾಲದೆಂದರು. ಮತ್ತೆ ಆ ತರಗತಿಗೆ ಸೇರಿ, ನನಗಿಂತ ಚಿಕ್ಕವರ ಪಕ್ಕ ಕೂತು ಪಾಸಾದೆ. ಎರಡನೆಯ ಸಲ, ತುರ್ತು ವಿಭಾಗದಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಟೈಪು ಮಾಡುತ್ತಿದ್ದ ನನ್ನ ಕೆಲಸವನ್ನೇ ತಳ್ಳಿಹಾಕಿದರು. ರೋಗಿಯನ್ನು ನೀವು ಮುಟ್ಟಿಲ್ಲವಲ್ಲ, ಆ ಗಂಟೆಗಳು ಲೆಕ್ಕಕ್ಕಿಲ್ಲ ಎಂದರು. ಆ ಕೆಲಸಕ್ಕೆ ಸೇರುವ ಮೊದಲು ಇದನ್ನು ಯಾರೂ ಹೇಳಿರಲಿಲ್ಲ. ವೃದ್ಧಾಶ್ರಮ ಸೇರಿ ಮುದುಕರಿಗೆ ಸ್ನಾನ ಮಾಡಿಸಿದೆ, ತುತ್ತು ತಿನ್ನಿಸಿದೆ. ಈ ಕೆಲಸಕ್ಕೆ ಮನಸ್ಸು ತಿರುಗಿಸಿದ ಗಳಿಗೆ ಯಾವುದೆಂದು ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕು. ಎಲ್ಲರೂ ತೀರಿಹೋದ ಅಜ್ಜಿಯ ಬಗ್ಗೆ ಬರೆಯುತ್ತಾರೆ, ನಾನೂ ಬರೆದೆ. ಅಜ್ಜಿ ಕ್ಷಮಿಸಲಿ.

ಅಂತೂ ಸಂದರ್ಶನಕ್ಕೆ ಕರೆ ಬಂತು. ಇಂಥ ಶಾಲೆಗಳಲ್ಲಿ ಆ ದಿನ ನಟರನ್ನು ರೋಗಿಗಳಾಗಿ ಕೂರಿಸಿ, ನಾವು ಹೇಗೆ ನಡೆದುಕೊಳ್ಳುತ್ತೇವೆಂದು ನೋಡುತ್ತಾರೆ. ಇದು ನಮಗೆಲ್ಲ ಗೊತ್ತಿದ್ದರಿಂದ ಬಾಗಿಲು ಕಾಯುವವನಿಗೂ ಹಲ್ಲು ಕಿರಿದು ಒಳಗೆ ಹೋದೆವು. ಕಾಯುವ ಕೋಣೆಯ ಮೂಲೆಯಲ್ಲಿ ಒಬ್ಬ ಹಿರಿಯರು ಕೂತಿದ್ದರು. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಕುರ್ಚಿಯಿಂದ ಜಾರಿದರು.

ನಾನು ಮೊದಲು ನೋಡಿದ್ದು ಅವರನ್ನಲ್ಲ ಅಮ್ಮ, ಗಾಜಿನ ಆಚೆ ನಿಂತು ನಮಗೆ ಅಂಕ ಹಾಕುತ್ತಿದ್ದ ಮೇಡಂ ನೋಡುತ್ತಿದ್ದಾರೆಯೇ ಎಂದು. ನೋಡುತ್ತಿದ್ದರು. ಆಮೇಲೆ ಮಂಡಿಯೂರಿ, "ನನ್ನ ಹೆಸರು ಡೀಲಿಯಾ, ನಿಮಗೆ ಸಹಾಯ ಮಾಡ್ಲಾ ಸರ್?" ಎಂದು ಪಾಠ ಒಪ್ಪಿಸಿದೆ. ಹಸಿರು ಟೈ ಕಟ್ಟಿದ್ದ ಹುಡುಗನಿಗೆ ಬೆರಳು ತೋರಿಸಿ ಆಂಬುಲೆನ್ಸ್ ಕರೆಯಲು ಹೇಳಿದೆ. ಅವನು ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಮಾಡುವ ಹಾಗೆಯೇ ಬರಿಗೈಯನ್ನು ಕಿವಿಗಿಟ್ಟುಕೊಂಡು, "ಹಲೋ, ಆಂಬುಲೆನ್ಸ್ ಬೇಕಿತ್ತು" ಎಂದ.

ನಮ್ಮ ಜೊತೆ ಬಂದಿದ್ದ ಮಾರ್ನಿ ಎಂಬ ಹುಡುಗಿ ಕಿರುಚಿದಳು. "ಅಪ್ಪಾ! ಲೋ, ನಿಜವಾದ ಫೋನ್ ಮಾಡೋ! ನಮ್ಮಪ್ಪ ಕಣೋ!" ಇವಳನ್ನೂ ಶಾಲೆಯವರೇ ನಮ್ಮ ನಡುವೆ ಬಿಟ್ಟಿದ್ದಾರೆ ಅಂದುಕೊಂಡೆ. ಎಷ್ಟು ಚೆನ್ನಾಗಿ ಅಳುತ್ತಾಳೆ ಎಂದೂ ಅನ್ನಿಸಿತು. "ಸಮಾಧಾನ ಮಾಡ್ಕೊಳಿ ಮೇಡಂ" ಎಂದು ಅವಳ ಭುಜ ತಟ್ಟಿದೆ.

ನಾಡಿ ನೋಡಲು ಅವರ ಕೈ ಹಿಡಿದಾಗ ಗೊತ್ತಾಯಿತು. ಮಣಿಕಟ್ಟು ತಣ್ಣಗೆ, ಬೆವರಿನಿಂದ ತೊಯ್ದಿತ್ತು. ಹಾಗೆ ಬೆವರುವ ನಟ ಇಲ್ಲ. ನನಗೆ ಮುಂದೇನು ಮಾಡಬೇಕೆಂದೇ ಮರೆತುಹೋಯಿತು. ಅಷ್ಟರಲ್ಲಿ ಸ್ವಾಗತದ ಮೇಜಿನವಳು ನಿಜವಾದ ಫೋನ್ ಮಾಡಿದ್ದಳು, ಆಂಬುಲೆನ್ಸಿನವರು ಬಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ನಾನು ಹೆದರಿ ಸುಮ್ಮನಾದದ್ದು ಗಾಜಿನ ಆಚೆಯವರಿಗೆ ಹೇಗೆ ಕಂಡಿತೋ.

ಅವಳನ್ನು ಸಂದರ್ಶನಕ್ಕೆ ಕರೆತಂದಿದ್ದ ಅಪ್ಪನ ಜೊತೆ ಮಾರ್ನಿ ಆಸ್ಪತ್ರೆಗೆ ಹೋದಳು. ಶಾಲೆಯವರು ಅವಳ ಸಂದರ್ಶನಕ್ಕೆಂದು ಕೊಟ್ಟ ಇನ್ನೊಂದು ದಿನಕ್ಕೂ ಅವರನ್ನು ಬಿಟ್ಟು ಬರಲಾಗಲಿಲ್ಲವಂತೆ. ಅವರು ಬದುಕಿದ್ದಾರೆ. ನಾವು ನಾಟಕವಾಡಿಯೂ ಬದುಕಿದರು ಎಂಬುದು ನನ್ನ ಪುಣ್ಯ.

ನನಗೆ ನಾಚಿಕೆಯಾಗಿದೆ ಅಮ್ಮ. ಆಶ್ರಮದಲ್ಲಿ ಈಗ ಯಾರಾದರೂ ನರಳಿದರೆ ಅವರ ಕೈಯನ್ನು ಮೊದಲು ಮುಟ್ಟಿ ನೋಡುತ್ತೇನೆ. ಅಪ್ಪನ ಮಂಡಿಗೆ ಬಿಸಿ ಶಾಖ ಕೊಡು, ಹಿಮ ಬೀಳುವ ಮೊದಲು ಬರುತ್ತೇನೆ.

ನಿನ್ನ
ಡೀಲಿಯಾ

ತಾ.ಕ.: ಫಲಿತಾಂಶ ಬಂದಿಲ್ಲ ಎಂದದ್ದು ಸುಳ್ಳು. ಮಂಗಳವಾರವೇ ಫೋನ್ ಬಂತು, ಸೀಟು ಸಿಕ್ಕಿದೆ. ಅಂಥ ಹೊತ್ತಿನಲ್ಲೂ ನೀವು ತೋರಿಸಿದ ಸಮಾಧಾನ ಮರೆಯುವಂಥದ್ದಲ್ಲ ಎಂದರು. ಥ್ಯಾಂಕ್ಸ್ ಎಂದೆ, ಸೇರುತ್ತೇನೆ ಎಂದೆ. ನಿನ್ನೆ ಮಾರ್ನಿ ಫೋನ್ ಮಾಡಿದ್ದಳು. ಅವಳಪ್ಪ ಈಗ ಎದ್ದು ಓಡಾಡುತ್ತಿದ್ದಾರಂತೆ, ಅವಳು ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತಾಳಂತೆ. "ಈ ಸಲ ಪ್ರಬಂಧ ನಿನ್ನ ಬಗ್ಗೇನೇ ಬರೀಬೇಕು ಅಂತಿದೀನಿ ಕಣೇ. ಅವತ್ತು ನೀನು ಒಂಚೂರೂ ನಡುಗಲಿಲ್ಲ. ಬರೀಲಾ?" ಎಂದು ಕೇಳಿದಳು. ಬರಿ ಎಂದೆ.